ಯಾವ ಮೇಳ ದೊಡ್ಡದು? – ಮುಗಿಯದ ಒಂದು ವಾದದ ಚರಿತ್ರೆ

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ – ಈ ಮೂರು ಊರುಗಳಲ್ಲಿ ಯಾವುದಾದರೊಂದು ಹೋಟೆಲಿಗೆ ಹೋಗಿ, ಚಾ ಕುಡಿಯುತ್ತ ಕುಳಿತ ಇಬ್ಬರು ಹಿರಿಯರನ್ನು ‘ಯಕ್ಷಗಾನದಲ್ಲಿ ಯಾವ ಮೇಳ ಎಲ್ಲಕ್ಕಿಂತ ದೊಡ್ಡದು?’ ಎಂದು ಒಮ್ಮೆ ಕೇಳಿ ನೋಡಿ. ಒಬ್ಬರು ಧರ್ಮಸ್ಥಳ ಮೇಳದ ಹಳೆಯ ದಿನಗಳನ್ನು ಎತ್ತುತ್ತಾರೆ. ಇನ್ನೊಬ್ಬರು, ಕಟೀಲು ಮೇಳದಲ್ಲಿ ಬಲಿಪರ ಪದ ಕೇಳದವನು ಏನು ಕೇಳಿದ ಹಾಗಾಯಿತು ಎನ್ನುತ್ತಾರೆ. ಪಕ್ಕದ ಮೇಜಿನಿಂದ ಮೂರನೆಯವರು ಕರ್ನಾಟಕ ಮೇಳದ ಹೆಸರು ಹೇಳುತ್ತಾರೆ. ಚಾ ಆರುತ್ತದೆ, ವಾದ ಆರುವುದಿಲ್ಲ.

ಈ ವಾದದಲ್ಲಿ ಗೆದ್ದವರು ಯಾರು ಎಂದು ತೀರ್ಪು ಕೊಡುವುದು ಈ ಲೇಖನದ ಉದ್ದೇಶವಲ್ಲ. ನಮಗೆ ಬೇಕಾದುದು ಬೇರೊಂದು ಪ್ರಶ್ನೆ. ಮೂವರೂ ಒಂದೇ ಕಲೆಯನ್ನು ಮೆಚ್ಚಿದವರು, ಒಂದೇ ಸೀಮೆಯಲ್ಲಿ ರಾತ್ರಿಯಿಡೀ ನಿದ್ದೆಗೆಟ್ಟವರು. ಆದರೂ ಅವರ ಉತ್ತರ ಬೇರೆ ಬೇರೆ ಏಕೆ? ಅವರ ಕೈಯಲ್ಲಿರುವ ಅಳತೆಗೋಲು ಬೇರೆ ಬೇರೆಯಾದುದರಿಂದ. ಆ ಅಳತೆಗೋಲುಗಳು ಎಲ್ಲಿಂದ ಬಂದವು ಎಂದು ಹುಡುಕಹೊರಟರೆ ಕರಾವಳಿಯ ಚರಿತ್ರೆಯ ಒಂದು ಅಧ್ಯಾಯವೇ ತೆರೆದುಕೊಳ್ಳುತ್ತದೆ.

ಮೊದಲು, ಕರಾವಳಿಯವರಲ್ಲದ ಓದುಗರಿಗಾಗಿ ಎರಡು ಮಾತು. ಮೇಳ ಎಂದರೆ ಯಕ್ಷಗಾನ ಕಲಾವಿದರ ತಂಡ. ಅದರಲ್ಲಿ ಎರಡು ಭಾಗ. ಪದ ಹೇಳುವ ಭಾಗವತರು, ಮದ್ದಳೆ ಮತ್ತು ಚೆಂಡೆ ನುಡಿಸುವವರು, ಚಕ್ರತಾಳ ಹಾಕುವವರು ಸೇರಿ ಹಿಮ್ಮೇಳ. ವೇಷ ಕಟ್ಟಿ ಕುಣಿದು ಮಾತನಾಡುವವರು ಮುಮ್ಮೇಳ. ಮಳೆಗಾಲ ಕಳೆದ ಮೇಲೆ ಹೊರಡುವ ಮೇಳ ಊರಿಂದ ಊರಿಗೆ ತಿರುಗಾಟ ಮಾಡುತ್ತ, ಮೇ ತಿಂಗಳ ಕೊನೆಯ ಪತ್ತನಾಜೆಯ ಹೊತ್ತಿಗೆ ಗೆಜ್ಜೆ ಬಿಚ್ಚುತ್ತದೆ. ನಮ್ಮ ಈ ಮೂರು ಊರುಗಳು ತೆಂಕುತಿಟ್ಟು ಎಂಬ ಶೈಲಿಯ ಸೀಮೆಗೆ ಸೇರಿದವು. ಧರ್ಮಸ್ಥಳ ಬೆಳ್ತಂಗಡಿ ತಾಲೂಕಿನಲ್ಲಿದೆ. ಕಟೀಲು ಮೂಡುಬಿದಿರೆಗೆ ದೂರವಲ್ಲ. ಕರ್ನಾಟಕ ಮೇಳವನ್ನು ನಡೆಸಿದವರು ಕಲ್ಲಾಡಿ ವಿಠಲ ಶೆಟ್ಟರು. ಅವರದು ಬಂಟ್ವಾಳ ಸೀಮೆಯ ಇರಾದ ಮನೆತನ.

ಇಂಥ ವಾದ ನಮ್ಮಲ್ಲಿ ಮಾತ್ರ ಇದೆಯೆಂದು ತಿಳಿಯಬೇಡಿ. ಅಮೆರಿಕ, ಯೂರೋಪುಗಳಲ್ಲಿ ಜಾಝ್-ರಾಕ್ ಎಂಬ ಸಂಗೀತದ ಅಭಿಮಾನಿಗಳು ಅರ್ಧ ಶತಮಾನದಿಂದ ಇದೇ ಜಗಳ ಆಡುತ್ತಿದ್ದಾರೆ. 1969ರಲ್ಲಿ ಮೈಲ್ಸ್ ಡೇವಿಸ್ ಎಂಬ ಹೆಸರಾಂತ ಕಹಳೆವಾದಕ ವಿದ್ಯುತ್ ಗಿಟಾರು ಮತ್ತು ವಿದ್ಯುತ್ ಪಿಯಾನೋಗಳನ್ನು ಜಾಝ್ ಸಂಗೀತಕ್ಕೆ ಸೇರಿಸಿ ‘ಬಿಚಸ್ ಬ್ರೂ’ ಎಂಬ ಧ್ವನಿಮುದ್ರಿಕೆ ಮಾಡಿದ. ಅದು 1970ರಲ್ಲಿ ಹೊರಬಂತು. ಅದರಲ್ಲಿ ನುಡಿಸಿದವರೇ ಬಳಿಕ ಬೇರೆ ಬೇರೆ ತಂಡ ಕಟ್ಟಿದರು. ಗಿಟಾರ್ ವಾದಕ ಜಾನ್ ಮೆಕ್‌ಲಾಫ್ಲಿನ್ 1971ರಲ್ಲಿ ‘ಮಹಾವಿಷ್ಣು ಆರ್ಕೆಸ್ಟ್ರಾ’ ಆರಂಭಿಸಿದ. ಜೋ ಝಾವಿನುಲ್ ಮತ್ತು ವೇನ್ ಶಾರ್ಟರ್ ‘ವೆದರ್ ರಿಪೋರ್ಟ್’ ಕಟ್ಟಿದರು. ಚಿಕ್ ಕೋರಿಯಾನದು ‘ರಿಟರ್ನ್ ಟು ಫಾರೆವರ್’. ಇವುಗಳಲ್ಲಿ ಯಾವುದು ದೊಡ್ಡದು ಎಂಬುದು ಅಲ್ಲಿಯ ಚಾ ಹೋಟೆಲಿನ ವಾದ. ವೇಗ ಮೆಚ್ಚುವವನು ಮಹಾವಿಷ್ಣು ಎನ್ನುತ್ತಾನೆ. ತಂಡದ ಹೊಂದಾಣಿಕೆ ಮೆಚ್ಚುವವನು ವೆದರ್ ರಿಪೋರ್ಟ್ ಎನ್ನುತ್ತಾನೆ. ಇವೆಲ್ಲ ಜಾಝ್ ಸಂಗೀತವೇ ಅಲ್ಲ ಎಂದು ಎದ್ದು ಹೋಗುವವನೂ ಅಲ್ಲಿರುತ್ತಾನೆ.

ಇಲ್ಲಿ ಒಂದು ಅಂಶವನ್ನು ಗಮನಿಸಬೇಕು. ಆ ಜಗಳಕ್ಕೆ ಮೂಲ ಕಾರಣ ಒಂದು ಯಂತ್ರ. ಸದ್ದನ್ನು ವಿದ್ಯುತ್ತಿನಿಂದ ಹಿಗ್ಗಿಸುವ ಆಂಪ್ಲಿಫೈಯರ್ ಬರುವ ಮುನ್ನ ಗಿಟಾರು ಕಹಳೆಗಳ ಎದುರು ಕೇಳಿಸದ ಮೆತ್ತನೆಯ ವಾದ್ಯವಾಗಿತ್ತು. ವಿದ್ಯುತ್ ಅದನ್ನು ಮುಂದಕ್ಕೆ ತಂದು ನಿಲ್ಲಿಸಿತು. ವಾದ್ಯಗಳ ಬಲಾಬಲ ಬದಲಾದಾಗ ಸಂಗೀತ ಬದಲಾಯಿತು. ಸಂಗೀತ ಬದಲಾದಾಗ ‘ಒಳ್ಳೆಯದು’ ಎಂಬುದರ ಅರ್ಥವೂ ಬದಲಾಯಿತು.

ನಮ್ಮ ಯಕ್ಷಗಾನದಲ್ಲೂ ನಡೆದುದು ಹೆಚ್ಚುಕಡಿಮೆ ಇದೇ. ನಮ್ಮಲ್ಲಿ ಬಂದ ಯಂತ್ರ ಮೈಕ್.

ಮೈಕ್ ಇಲ್ಲದ ಕಾಲದ ಒಂದು ಬಯಲಾಟವನ್ನು ಊಹಿಸಿಕೊಳ್ಳಿ. ಕೊಯ್ಲು ಮುಗಿದ ಗದ್ದೆ, ದೊಂದಿಯ ಅಥವಾ ಗ್ಯಾಸ್‌ಲೈಟಿನ ಬೆಳಕು, ಸುತ್ತ ನೂರಾರು ಜನ. ಭಾಗವತರು ರಂಗಸ್ಥಳದ ಹಿಂಭಾಗದಲ್ಲಿ ಕುಳಿತಿದ್ದಾರೆ. ಅವರ ಪಕ್ಕದಲ್ಲೇ ಚೆಂಡೆ. ತೆರೆದ ಬಯಲಿನಲ್ಲಿ ಕೇಳುಗನ ದೂರ ಎರಡು ಪಟ್ಟಾದರೆ ಅವನನ್ನು ತಲುಪುವ ಧ್ವನಿಯ ತೀವ್ರತೆ ನಾಲ್ಕರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಇದು ನೀವು ಭೌತಶಾಸ್ತ್ರದ ಪಾಠದಲ್ಲಿ ಓದಿದ ವಿಲೋಮ ವರ್ಗ ನಿಯಮ. ಗೋಡೆಯಿದ್ದರೆ ಪ್ರತಿಫಲನದಿಂದ ಸ್ವಲ್ಪ ಸಹಾಯವಾಗುತ್ತಿತ್ತು. ಗದ್ದೆಗೆ ಗೋಡೆ ಎಲ್ಲಿ?

ಹಾಗಾದರೆ ಕೊನೆಯ ಸಾಲಿನವನಿಗೆ ಪದ ಕೇಳಿಸುತ್ತಿದ್ದುದು ಹೇಗೆ? ನಮ್ಮ ಕಿವಿ ಎಲ್ಲ ಕಂಪನಾಂಕಗಳಿಗೂ ಸಮನಾಗಿ ಸ್ಪಂದಿಸುವುದಿಲ್ಲ. ಸೆಕೆಂಡಿಗೆ ಸುಮಾರು 2,000ದಿಂದ 5,000 ಕಂಪನಗಳ ನಡುವಿನ ಧ್ವನಿಗೆ ಅದು ತುಂಬ ಸೂಕ್ಷ್ಮ. ಏರುಶ್ರುತಿಯಲ್ಲಿ, ಗಂಟಲನ್ನು ಪಳಗಿಸಿ, ತುಂಬು ಕಂಠದಿಂದ ಹಾಡುವವನ ಧ್ವನಿಯ ಮೇಲಿನ ಸ್ವರಾಂಶಗಳು ಈ ವಲಯದಲ್ಲಿ ಬಲವಾಗಿ ಬೀಳುತ್ತವೆ. ಅದರಿಂದಲೇ ಹಳೆಯ ಭಾಗವತರು ಶ್ರುತಿ ಏರಿಸಿ ಹಾಡಿದರು. ಪದ ಹೇಳುವಾಗ ಮದ್ದಳೆಗೆ ಮುಖ್ಯ ಸ್ಥಾನ ಕೊಟ್ಟು, ವೀರ, ರೌದ್ರಗಳ ಜಾಗದಲ್ಲಿ ಚೆಂಡೆಯನ್ನು ಮೊರೆಸಿದರು. ಶಬ್ದಗಳನ್ನು ಕಡಿದು, ತಾಳಕ್ಕೆ ಕೂರಿಸಿ, ಸ್ಪಷ್ಟವಾಗಿ ಎಸೆದರು. ಇದನ್ನು ನಾವು ‘ಸಂಪ್ರದಾಯ’ ಎನ್ನುತ್ತೇವೆ. ಅದು ಸಂಪ್ರದಾಯವೂ ಹೌದು, ಗದ್ದೆಯ ಧ್ವನಿವಿಜ್ಞಾನಕ್ಕೆ ನಮ್ಮ ಹಿರಿಯರು ಕಂಡುಕೊಂಡ ಉತ್ತರವೂ ಹೌದು.

ಈ ಸಂಪ್ರದಾಯವನ್ನು ನಮ್ಮ ಕಾಲದವರೆಗೆ ತಂದವರು ಬಲಿಪ ನಾರಾಯಣ ಭಾಗವತರು. ಕಾಸರಗೋಡಿನ ಪಡ್ರೆಯಲ್ಲಿ 1938ರಲ್ಲಿ ಹುಟ್ಟಿದ ಇವರು ಮೂಡುಬಿದಿರೆಯ ಸಮೀಪದ ಮಾರೂರಿನಲ್ಲಿ ನೆಲೆಸಿದರು. ಇವರ ಅಜ್ಜನೂ ಅದೇ ಹೆಸರಿನ ಪ್ರಸಿದ್ಧ ಭಾಗವತರು. ‘ಬಲಿಪ ಶೈಲಿ’ ಎಂಬ ಮಾತು ಹುಟ್ಟಿದ್ದು ಈ ಮನೆತನದಿಂದ. ಕಟೀಲು ಮೇಳದಲ್ಲಿ ದೀರ್ಘಕಾಲ ಹಾಡಿದ ಬಲಿಪರು ಐದು ದಿನಗಳ ದೇವಿಮಹಾತ್ಮೆ ಪ್ರಸಂಗವನ್ನೂ ರಚಿಸಿದರು. 2023ರ ಫೆಬ್ರವರಿಯಲ್ಲಿ ಅವರು ತೀರಿಕೊಂಡಾಗ, ಮೈಕ್ ಇಲ್ಲದೆಯೂ ಬಯಲು ತುಂಬುವ ಕಂಠದ ಒಂದು ಕಾಲವೇ ಮುಗಿಯಿತೆಂದು ಅಭಿಮಾನಿಗಳು ಹೇಳಿದುದರಲ್ಲಿ ಉತ್ಪ್ರೇಕ್ಷೆಯಿಲ್ಲ.

ಇನ್ನು ಮೈಕ್ ಬಂದ ಮೇಲೆ ಏನಾಯಿತು? ಭಾಗವತರು ಕೂಗಬೇಕಾದ ಅಗತ್ಯ ತಪ್ಪಿತು. ಶ್ರುತಿ ಸ್ವಲ್ಪ ಇಳಿಸಿದರೂ ಕೊನೆಯ ಸಾಲಿಗೆ ಕೇಳಿಸುತ್ತದೆ. ಮೆಲುದನಿಯಲ್ಲಿ ಒಂದು ಸ್ವರವನ್ನು ಎಳೆದು, ತೂಗಿ, ಇಳಿಸಬಹುದು. ರಾಗವನ್ನು ವಿಸ್ತರಿಸಬಹುದು. ಕರ್ನಾಟಕ ಮೇಳದ ಭಾಗವತರಾಗಿದ್ದ ದಾಮೋದರ ಮಂಡೆಚ್ಚರು ಈ ಸಾಧ್ಯತೆಯನ್ನು ಚೆನ್ನಾಗಿ ಬಳಸಿಕೊಂಡರು. ಅವರ ಹಾಡಿಕೆಯಲ್ಲಿ ಶಾಸ್ತ್ರೀಯ ರಾಗಗಳ ಛಾಯೆ ದಟ್ಟವಾಗಿತ್ತು. ಅವರ ದಾರಿಯಲ್ಲಿ ನಡೆದ ದಿನೇಶ ಅಮ್ಮಣ್ಣಾಯರಿಗೆ ಬೆಳ್ತಂಗಡಿ ಸೀಮೆಯಲ್ಲಿ ದೊಡ್ಡ ಅಭಿಮಾನಿ ಬಳಗವೇ ಬೆಳೆಯಿತು. ‘ಇದು ಸಂಗೀತ ಕಛೇರಿ, ಯಕ್ಷಗಾನವಲ್ಲ’ ಎಂದು ಒಂದು ಪಕ್ಷ ಆಕ್ಷೇಪಿಸಿತು. ‘ಇದೇ ಯಕ್ಷಗಾನದ ಮುಂದಿನ ಹೆಜ್ಜೆ’ ಎಂದು ಇನ್ನೊಂದು ಪಕ್ಷ ಚಪ್ಪಾಳೆ ತಟ್ಟಿತು. ವಿದ್ಯುತ್ ಗಿಟಾರಿನ ಬಗ್ಗೆ ನಡೆದ ವಾದ ನೆನಪಾಗುತ್ತದೆಯೇ?

ಈಗ ನಮ್ಮ ಹೋಟೆಲಿನ ಜಗಳಕ್ಕೆ ಮರಳಿದರೆ, ಅದರ ಅರ್ಧ ಭಾಗ ಬಿಡಿಸಿದಂತಾಯಿತು. ಬಲಿಪರನ್ನು ಮೆಚ್ಚುವ ಹಿರಿಯರ ಅಳತೆಗೋಲು ಮೈಕ್ ಪೂರ್ವದ್ದು. ಮಂಡೆಚ್ಚರನ್ನು ಮೆಚ್ಚುವವರದು ಮೈಕ್ ನಂತರದ್ದು. ಒಬ್ಬರು ಗಜದಲ್ಲಿ ಅಳೆಯುತ್ತಾರೆ, ಇನ್ನೊಬ್ಬರು ಸೇರಿನಲ್ಲಿ ಅಳೆಯುತ್ತಾರೆ. ಬಟ್ಟೆ ಹೆಚ್ಚೋ ಅಕ್ಕಿ ಹೆಚ್ಚೋ ಎಂದು ಕೇಳಿದರೆ ಉತ್ತರ ಸಿಗುವುದಾದರೂ ಹೇಗೆ?

ಇನ್ನರ್ಧ ಭಾಗಕ್ಕೆ ಹಣದ ಲೆಕ್ಕ ನೋಡಬೇಕು. ಕಟೀಲು ಮೇಳದ ಆಟ ಹರಕೆಯ ಆಟ. ಹರಕೆ ಹೊತ್ತ ಮನೆಯವರು ಖರ್ಚು ಹಾಕಿಕೊಳ್ಳುತ್ತಾರೆ, ನೋಡುವವರಿಗೆ ಟಿಕೇಟಿಲ್ಲ. ತಮ್ಮ ಸರದಿಗಾಗಿ ವರ್ಷಗಟ್ಟಲೆ ಕಾಯುವವರಿದ್ದಾರೆ. ಪ್ರಸಂಗ ಹೆಚ್ಚಾಗಿ ದೇವಿಮಹಾತ್ಮೆಯೇ. ಇಲ್ಲಿ ಹೊಸತಿಗಿಂತ ಶ್ರದ್ಧೆಗೆ ಬೆಲೆ ಹೆಚ್ಚು. ನೂರು ಸಲ ನೋಡಿದ ಮಹಿಷಾಸುರನನ್ನೇ ನೂರೊಂದನೆಯ ಸಲ ನೋಡುವ ಪ್ರೇಕ್ಷಕನಿಗೆ ಕೂದಲೆಳೆಯಷ್ಟು ವ್ಯತ್ಯಾಸವೂ ತಿಳಿಯುತ್ತದೆ. 20ನೆಯ ಶತಮಾನದ ನಡುಭಾಗದಿಂದ ಬೆಳೆದ ಡೇರೆ ಮೇಳಗಳ ಲೆಕ್ಕ ಬೇರೆ. ಡೇರೆಯೊಳಗೆ ಬರುವವನು ಟಿಕೇಟು ಕೊಂಡು ಬರುತ್ತಾನೆ. ಅವನನ್ನು ಮತ್ತೆ ಮತ್ತೆ ಕರೆತರಬೇಕಾದರೆ ಹೊಸ ಕಥೆ ಬೇಕು. ತುಳು ಪ್ರಸಂಗಗಳ ಬೆಳವಣಿಗೆಗೆ ಇದು ದೊಡ್ಡ ಕಾರಣ. ಕರ್ನಾಟಕ ಮೇಳ ತುಳು ಪ್ರಸಂಗಗಳಿಂದ ಮನೆಮಾತಾಯಿತು. ಅಳಿಕೆ ರಾಮಯ್ಯ ರೈ, ಬೋಳಾರ ನಾರಾಯಣ ಶೆಟ್ಟಿ, ಮಿಜಾರು ಅಣ್ಣಪ್ಪ ಹಾಸ್ಯಗಾರ ಮುಂತಾದವರು ಅದರ ರಂಗಸ್ಥಳದಲ್ಲಿ ಮೆರೆದರು. ಅಳಿಕೆ ಬಂಟ್ವಾಳ ತಾಲೂಕಿನ ಊರು, ಮಿಜಾರು ಮೂಡುಬಿದಿರೆಯ ಮಗ್ಗುಲಿನ ಊರು. ತಮ್ಮ ಮನೆಮಾತಿನಲ್ಲಿ, ತಮ್ಮ ಊರಿನ ನಟರು, ತಮ್ಮ ವೀರರ ಕಥೆ ಆಡಿದಾಗ ಜನ ಮುಗಿಬಿದ್ದರು. ಇದರಲ್ಲಿ ಆಶ್ಚರ್ಯವೇನು?

ಧರ್ಮಸ್ಥಳ ಮೇಳದ ಅಭಿಮಾನಿಯ ಅಳತೆಗೋಲು ಮೂರನೆಯ ಬಗೆಯದು. ಅವನು ಇಡೀ ಕೂಟವನ್ನು ನೋಡುತ್ತಾನೆ. ಕುರಿಯ ವಿಠಲ ಶಾಸ್ತ್ರಿಗಳಂಥವರ ಮಾರ್ಗದರ್ಶನ, ಕಡತೋಕ ಮಂಜುನಾಥ ಭಾಗವತರ ಪದ, ಚಿಪ್ಪಾರು ಕೃಷ್ಣಯ್ಯ ಬಲ್ಲಾಳರ ಚೆಂಡೆ, ಪುತ್ತೂರು ನಾರಾಯಣ ಹೆಗ್ಡೆಯವರ ವೇಷ, ಕೆ. ಗೋವಿಂದ ಭಟ್ಟರ ಕುಣಿತ, ಕುಂಬಳೆ ಸುಂದರ ರಾಯರ ಮಾತು – ಹೀಗೆ ಒಂದೊಂದು ಹೆಸರನ್ನೂ ಬೆರಳು ಮಡಚಿ ಎಣಿಸುತ್ತಾನೆ. ಮಾತಿನ ಬಲ ಎಷ್ಟೆಂದರೆ, ಸುಂದರ ರಾಯರು 1994ರಲ್ಲಿ ಸುರತ್ಕಲ್ ಕ್ಷೇತ್ರದಿಂದ ವಿಧಾನಸಭೆಗೂ ಆರಿಸಿಬಂದರು. ವೇಷವೂ ಕುಣಿತವೂ ಇಲ್ಲದ ತಾಳಮದ್ದಳೆಯಲ್ಲಿ ಶೇಣಿ ಗೋಪಾಲಕೃಷ್ಣ ಭಟ್ಟರು ಮತ್ತು ಸಾಮಗ ಸಹೋದರರು ಬರೀ ಮಾತಿನಿಂದಲೇ ಸಭೆಯನ್ನು ಕಟ್ಟಿಹಾಕಿದ್ದು ಈ ಸೀಮೆಯ ಕಿವಿಗೆ ಸಿಕ್ಕ ಇನ್ನೊಂದು ಶಿಕ್ಷಣ.

ಅಭಿಮಾನಿಗಳ ಈ ಜಗಳಕ್ಕೆ ಒಂದು ಅಧಿಕೃತ ಕಣವೂ ಇತ್ತು. ಅದೇ ಜೋಡಾಟ. ಎರಡು ಮೇಳಗಳು ಒಂದೇ ಬಯಲಿನಲ್ಲಿ, ಅಕ್ಕಪಕ್ಕದ ಎರಡು ರಂಗಸ್ಥಳಗಳಲ್ಲಿ, ಒಂದೇ ರಾತ್ರಿ, ಒಂದೇ ಪ್ರಸಂಗ ಆಡುವುದು. ಪ್ರೇಕ್ಷಕರು ಇಬ್ಬರನ್ನೂ ನೋಡುತ್ತ ಹೋಲಿಸುತ್ತಾರೆ. ತೀರ್ಪಿಗೆ ಇದಕ್ಕಿಂತ ನೇರವಾದ ದಾರಿ ಇಲ್ಲವೆಂದು ನಿಮಗೆ ಅನ್ನಿಸಬಹುದು. ವಿಜ್ಞಾನ ಓದಿದವರಿಗೆ ಇದರಲ್ಲಿರುವ ತೊಂದರೆ ಬೇಗ ತಿಳಿಯುತ್ತದೆ. ಎರಡು ಚೆಂಡೆಗಳು ಏಕಕಾಲಕ್ಕೆ ಮೊರೆಯುವಾಗ ಮಾತಿನ ಸೂಕ್ಷ್ಮ ಯಾರಿಗೆ ಕೇಳೀತು? ಕಣ್ಣಿಗೆ ಕಾಣುವುದು, ಎಣಿಸಲು ಬರುವುದು ಮಾತ್ರ ಉಳಿಯುತ್ತದೆ. ಯಾರು ಎಷ್ಟು ದಿಗಿಣ ಹಾರಿದರು, ಯಾರ ಚೆಂಡೆ ಯಾರನ್ನು ಮುಳುಗಿಸಿತು ಎಂಬುದೇ ಗೆಲುವಾಗುತ್ತದೆ. ಕರುಣರಸದ ಒಂದು ಪದ, ಒಂದು ಮೌನ – ಇವಕ್ಕೆ ಜೋಡಾಟದಲ್ಲಿ ಅಂಕವಿಲ್ಲ. ಯಾವುದನ್ನು ಅಳೆಯಲು ಸುಲಭವೋ ಅದನ್ನೇ ದೊಡ್ಡದೆಂದು ನಂಬುವ ಅಪಾಯ ಪ್ರಯೋಗಾಲಯದಲ್ಲೂ ಇದೆ, ಗದ್ದೆಯಲ್ಲೂ ಇದೆ.

ಹೊಸ ವಾದ್ಯದ ಮಾತು ಬಂದಾಗ ಈ ಸೀಮೆಯ ಇನ್ನೊಂದು ಕಥೆಯನ್ನು ನೀವು ತಿಳಿದಿರಬೇಕು. ಬಂಟ್ವಾಳ ತಾಲೂಕಿನ ಸಜೀಪಮೂಡದಲ್ಲಿ 1949ರಲ್ಲಿ ನಾಗಸ್ವರ ವಾದಕರ ಮನೆಯಲ್ಲಿ ಒಬ್ಬ ಹುಡುಗ ಹುಟ್ಟಿದ. ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೊಫೋನ್ ಕೇಳಿ ಮರುಳಾದ. ಪಾಶ್ಚಾತ್ಯ ಸ್ವರಗಳಿಗೆಂದು ರಂಧ್ರ ಕೊರೆದ ಆ ಹಿತ್ತಾಳೆಯ ವಾದ್ಯದಲ್ಲಿ ಕರ್ನಾಟಕ ಸಂಗೀತದ ಗಮಕ ಬರುವುದಿಲ್ಲ ಎಂಬುದು ಅಂದಿನ ನಂಬಿಕೆ. ಅವರೇ ಕದ್ರಿ ಗೋಪಾಲನಾಥರು. ವರ್ಷಗಟ್ಟಲೆ ಪಳಗಿಸಿ ಆ ವಾದ್ಯದಿಂದ ಗಮಕ ಹೊರಡಿಸಿದರು. 1980ರಲ್ಲಿ ಮುಂಬಯಿಯ ಜಾಝ್ ಉತ್ಸವದಲ್ಲಿ ಅವರ ವಾದನ ಕೇಳಿದ ಅಮೆರಿಕದ ಜಾಝ್ ವಾದಕ ಜಾನ್ ಹ್ಯಾಂಡಿ ಅವರೊಡನೆ ವೇದಿಕೆಯಲ್ಲಿ ನುಡಿಸಿದರು. 1994ರಲ್ಲಿ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ ಬಿಬಿಸಿಯ ಸಂಗೀತೋತ್ಸವದಲ್ಲಿ ಗೋಪಾಲನಾಥರ ಕಛೇರಿ ನಡೆಯಿತು. 2004ರಲ್ಲಿ ಪದ್ಮಶ್ರೀ ಬಂತು. 2019ರ ಅಕ್ಟೋಬರಿನಲ್ಲಿ ಅವರು ನಿಧನರಾದರು. ಶಿವರಾಮ ಕಾರಂತರು ತಮ್ಮ ಯಕ್ಷಗಾನ ಪ್ರಯೋಗಗಳಲ್ಲಿ ಪಿಟೀಲನ್ನೂ ಸ್ಯಾಕ್ಸೊಫೋನನ್ನೂ ಬಳಸಿದಾಗಲೂ ವಾದ ಎದ್ದಿತ್ತು. ಯಕ್ಷಗಾನದ ಬಗ್ಗೆ ಗ್ರಂಥ ಬರೆದು 1959ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಪಡೆದ ವಿದ್ವಾಂಸರೇ ಹೊಸ ವಾದ್ಯ ತಂದರು ಎಂಬುದನ್ನು ಇಲ್ಲಿ ಮರೆಯಬಾರದು. ಹಳತನ್ನು ಆಳವಾಗಿ ಬಲ್ಲವರೇ ಹೊಸತನ್ನು ಧೈರ್ಯವಾಗಿ ತಂದ ಉದಾಹರಣೆ ಇದು.

‘ಯಾರು ದೊಡ್ಡವರು’ ಎಂಬ ವಾದ ಕೆಲವರನ್ನು ಮರೆಯುತ್ತದೆ ಎಂಬುದೂ ನಿಜ. ಭಾಗವತರ ಹೆಸರು, ರಾಜವೇಷದವರ ಹೆಸರು ಎಲ್ಲರ ಬಾಯಲ್ಲಿ. ಚಕ್ರತಾಳ ಹಾಕಿದವರು ಯಾರು? ಚೌಕಿಯಲ್ಲಿ ವೇಷ ಕಟ್ಟಲು ನೆರವಾದವರು ಯಾರು? ತೆಂಕುತಿಟ್ಟಿನ ವೃತ್ತಿಮೇಳಗಳಲ್ಲಿ ಭಾಗವತಿಕೆ ಮಾಡಿದ ಮೊದಲ ಮಹಿಳೆಯೆಂದು ಹೆಸರಾದ ಲೀಲಾವತಿ ಬೈಪಾಡಿತ್ತಾಯರು 2024ರಲ್ಲಿ ತೀರಿಕೊಂಡರು. ಗಂಡಸರೇ ತುಂಬಿದ್ದ ತಿರುಗಾಟದಲ್ಲಿ ರಾತ್ರಿಯಿಂದ ರಾತ್ರಿಗೆ ಊರೂರು ಅಲೆದು ಹಾಡಿದವರು ಅವರು. ಹೋಟೆಲಿನ ವಾದದಲ್ಲಿ ಅವರ ಹೆಸರು ಎಷ್ಟು ಸಲ ಬಂದೀತು?

ಇದಕ್ಕಿಂತ ದೊಡ್ಡ ಮರೆವು ಒಂದಿದೆ. ನಾವು ದೂರದರ್ಶನದಲ್ಲಿ ಕೆಲಸ ಮಾಡುವವರು ಧ್ವನಿಮುದ್ರಣವನ್ನು ತುಂಬ ನಂಬುತ್ತೇವೆ. ಆದರೆ ಅದು ಎಷ್ಟನ್ನು ಹಿಡಿಯುತ್ತದೆ? ಭಾಗವತರ ಮುಂದೆ ಮೈಕ್ ಇಟ್ಟರೆ ಪಕ್ಕದ ಚೆಂಡೆ ಅದರೊಳಕ್ಕೆ ನುಗ್ಗುತ್ತದೆ. ಮೈಕನ್ನು ಬಾಯಿಗೆ ಹತ್ತಿರ ತಂದರೆ ಬಯಲಿನಲ್ಲಿ ಕೇಳಿಸಿದ ಧ್ವನಿಯಲ್ಲ, ಮೈಕಿಗೆ ಕೇಳಿಸಿದ ಧ್ವನಿ ಸಿಗುತ್ತದೆ. ಇಡೀ ರಾತ್ರಿಯ ಆಟವನ್ನು ಒಂದು ಗಂಟೆಗೆ ಇಳಿಸುವಾಗ ಉಳಿಯುವುದು ಯುದ್ಧವೂ ಕುಣಿತವೂ. ಕ್ಯಾಸೆಟ್ಟುಗಳ ಕಾಲದಲ್ಲಿ ಮನೆಮನೆಗೆ ಬಂದ ಧ್ವನಿಗಳು ಇಂದಿಗೂ ‘ದೊಡ್ಡವರ’ ಪಟ್ಟಿಯಲ್ಲಿವೆ. ಅದಕ್ಕಿಂತ ಮುಂಚಿನ ಧ್ವನಿಗಳಲ್ಲಿ ಬಹುಪಾಲು ಗಾಳಿಯಲ್ಲಿ ಕರಗಿಹೋದವು. ಬಲಿಪರ ಅಜ್ಜನ ಕಂಠ ಹೇಗಿತ್ತೆಂದು ತಿಳಿಯಬೇಕಾದರೆ ನಮಗಿರುವ ಮುಖ್ಯ ಸಾಕ್ಷಿ, ಕೇಳಿದವರು ತಮ್ಮ ಮಕ್ಕಳಿಗೆ ಹೇಳಿದ ಮಾತು ಮತ್ತು ವಾದಿಸಿದ ವಾದ.

ಆದುದರಿಂದಲೇ ಹೋಟೆಲಿನ ಜಗಳವನ್ನು ಹಗುರವಾಗಿ ಎಣಿಸಬಾರದು. ಧ್ವನಿಮುದ್ರಣವಿಲ್ಲದ ಒಂದು ಕಾಲಕ್ಕೆ ಅದೇ ಪತ್ರಾಗಾರ. ‘ಆ ಪದವನ್ನು ಅವರು ಹೀಗೆ ಎತ್ತುತ್ತಿದ್ದರು’ ಎಂದು ಒಬ್ಬರು ಹಾಡಿ ತೋರಿಸುತ್ತಾರೆ. ‘ಹಾಗಲ್ಲ, ಹೀಗೆ’ ಎಂದು ಇನ್ನೊಬ್ಬರು ತಿದ್ದುತ್ತಾರೆ. ಆ ಎರಡರ ನಡುವೆ ಎಲ್ಲೋ ಸತ್ಯ ಇರುತ್ತದೆ. ಚರಿತ್ರೆಕಾರ ಎರಡು ಶಾಸನಗಳನ್ನು ಎದುರುಬದುರು ಇಟ್ಟು ಓದುವ ಕ್ರಮಕ್ಕೂ ಇದಕ್ಕೂ ಬಹಳ ವ್ಯತ್ಯಾಸವಿಲ್ಲ. ಆದರೆ ಶಾಸನ ಕಲ್ಲಿನ ಮೇಲಿದೆ, ಕಾಯುತ್ತದೆ. ಈ ಸಾಕ್ಷಿಗಳಿಗೆ ವಯಸ್ಸಾಗಿದೆ.

ಈಗ ಅಳತೆಗೋಲು ಮತ್ತೊಮ್ಮೆ ಬದಲಾಗುತ್ತಿದೆ. ದೇಶದಲ್ಲಿ 2000ದಲ್ಲಿ ಬಂದ ಶಬ್ದಮಾಲಿನ್ಯ ನಿಯಮಗಳು ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಧ್ವನಿವರ್ಧಕಕ್ಕೆ ಮಿತಿ ಹಾಕಿದವು. ನಿದ್ದೆಗೆಟ್ಟು ನೋಡುವ ಜನರೂ ಕಡಿಮೆಯಾದರು. ಧರ್ಮಸ್ಥಳ ಮೇಳ ಸೇರಿದಂತೆ ಹಲವು ಮೇಳಗಳು ಕಾಲಮಿತಿಯ ಆಟಕ್ಕೆ ಬಂದವು. ರಾತ್ರಿಯಿಡೀ ಹರಡಿಕೊಳ್ಳುತ್ತಿದ್ದ ಪ್ರಸಂಗ ಕೆಲವೇ ಗಂಟೆಗಳಲ್ಲಿ ಮುಗಿಯಬೇಕು. ನಿಧಾನದ ಒಡ್ಡೋಲಗಕ್ಕೆ ಸಮಯ ಎಲ್ಲಿದೆ? ಬೆಳಗಿನ ಜಾವದ ರಾಗಗಳಿಗೆ ಬೆಳಗಿನ ಜಾವವೇ ಇಲ್ಲ. ಮೈಕ್ ತಂದ ಬದಲಾವಣೆಯಷ್ಟೇ ದೊಡ್ಡ ಬದಲಾವಣೆ ಇದು. ನಾಳೆ ನೀವು ‘ದೊಡ್ಡ ಮೇಳ’ ಎಂದು ಹೇಳುವಾಗ ನಿಮ್ಮ ಮನಸ್ಸಿನಲ್ಲಿರುವುದು ಚುರುಕಾಗಿ ಕಥೆ ಮುಗಿಸುವ ಮೇಳವಿರಬಹುದು. ನಿಮ್ಮ ಅಜ್ಜ ಅದನ್ನು ಒಪ್ಪಲಿಕ್ಕಿಲ್ಲ.

ಹಾಗಾದರೆ ವಾದವನ್ನೇ ಬಿಟ್ಟುಬಿಡೋಣವೇ? ಬೇಡ. ಚೆನ್ನಾಗಿ ವಾದಿಸಲು ಕಲಿಯೋಣ. ಯಾವ ಮೇಳ ಎನ್ನುವ ಮೊದಲು ಯಾವ ವರ್ಷದ ಮೇಳ ಎಂದು ಕೇಳಿ, ಏಕೆಂದರೆ ಕಲಾವಿದರು ಮೇಳದಿಂದ ಮೇಳಕ್ಕೆ ಹೋಗುತ್ತಾರೆ, ಹೆಸರು ಮಾತ್ರ ಅಲ್ಲೇ ಉಳಿಯುತ್ತದೆ. ಆಟ ನಡೆದದ್ದು ಬಯಲಿನಲ್ಲೋ ಡೇರೆಯಲ್ಲೋ ಸಭಾಭವನದಲ್ಲೋ ಎಂದು ಕೇಳಿ. ಮೈಕ್ ಇತ್ತೇ ಎಂದು ಕೇಳಿ. ಹೇಳುವವರು ಅದನ್ನು ಕಣ್ಣಾರೆ ಕಂಡರೇ, ಕ್ಯಾಸೆಟ್ಟಿನಲ್ಲಿ ಕೇಳಿದರೇ, ಬೇರೆಯವರು ಹೇಳಿದ್ದೇ ಎಂದು ಕೇಳಿ. ಚೆಂಡೆ, ಮದ್ದಳೆ ಯಾರದೆಂದು ಮರೆಯದೆ ಕೇಳಿ. ಇಷ್ಟು ಕೇಳುವಷ್ಟರಲ್ಲಿ ‘ಯಾರು ದೊಡ್ಡವರು’ ಎಂಬ ಪ್ರಶ್ನೆ ತಾನಾಗಿಯೇ ಸಣ್ಣದಾಗಿ, ಅದರ ಜಾಗದಲ್ಲಿ ಒಂದು ರಾತ್ರಿಯ ಪೂರ್ಣ ಚಿತ್ರ ನಿಮ್ಮ ಮುಂದೆ ನಿಂತಿರುತ್ತದೆ.

ನಿಮ್ಮ ಮನೆಯಲ್ಲಿ, ನೆರೆಯಲ್ಲಿ, ಮೈಕ್ ಇಲ್ಲದ ಆಟ ನೋಡಿದ ಹಿರಿಯರು ಇನ್ನೂ ಇದ್ದರೆ ಈ ರಜೆಯಲ್ಲಿ ಅವರ ಬಳಿ ಹೋಗಿ ಕೂರಿ. ನೋಟ್‌ಬುಕ್ ಇರಲಿ, ಕೈಯಲ್ಲಿರುವ ಮೊಬೈಲಿನಲ್ಲೇ ಧ್ವನಿಮುದ್ರಣವೂ ಆಗಲಿ. ಊರು, ಪ್ರಸಂಗ, ಭಾಗವತರು, ಅಂದಾಜು ವರ್ಷ – ಇಷ್ಟನ್ನು ಬರೆದುಕೊಳ್ಳಿ. ಅವರಿಗೆ ನೆನಪಿರುವ ಒಂದು ಪದವನ್ನು ಅವರ ಬಾಯಲ್ಲೇ ಹೇಳಿಸಿ. ಅವರ ಮಾತಿಗೆ ಒಪ್ಪದ ಇನ್ನೊಬ್ಬ ಹಿರಿಯರು ಸಿಕ್ಕಿದರೆ ಅವರನ್ನೂ ಕೂರಿಸಿಕೊಳ್ಳಿ. ಆಗ ಎದ್ದ ಜಗಳವನ್ನು ನಿಲ್ಲಿಸಬೇಡಿ, ಪೂರ್ತಿ ಬರೆದುಕೊಳ್ಳಿ.